ಎಣಿಸಿದ ಗ್ರಹಣ, ನೋಡಿದ ಗ್ರಹಣ

ಕನ್ನಡ ನಾಡಿನ ಶಾಸನಗಳನ್ನು ಓದುವವರಿಗೆ ಸೂರ್ಯಗ್ರಹಣ ಹಳೆಯ ಪರಿಚಯ. ಅರಸನು ಭೂಮಿಯನ್ನು ದತ್ತಿ ಬಿಟ್ಟದ್ದು, ದೇಗುಲಕ್ಕೆ ಸುಂಕವನ್ನು ಬಿಟ್ಟುಕೊಟ್ಟದ್ದು ಎಷ್ಟೋ ವೇಳೆ ಗ್ರಹಣದ ಪುಣ್ಯಕಾಲದಲ್ಲಿ. ಕಲ್ಲಿನ ಮೇಲಿನ ಆ ಒಂದು ಮಾತನ್ನು ಹಿಡಿದು ಫ್ಲೀಟ್, ಕೀಲ್‌ಹಾರ್ನ್ ಮೊದಲಾದ ವಿದ್ವಾಂಸರು ಶಾಸನಗಳ ತೇದಿಯನ್ನು ಪರೀಕ್ಷಿಸಿದರು. ಆಗ ಒಂದು ಸೋಜಿಗ ಹೊರಬಿತ್ತು: ಶಾಸನಗಳು ಹೇಳುವ ಕೆಲವು ಗ್ರಹಣಗಳು ಈ ನಾಡಿನಲ್ಲಿ ಕಾಣಿಸಿಯೇ ಇರಲಿಲ್ಲ. ಅವು ಜೋಯಿಸರ ಲೆಕ್ಕದಲ್ಲಿ ಹಿಡಿದ ಗ್ರಹಣಗಳು, ಆಕಾಶದಲ್ಲಿ ಕಂಡವಲ್ಲ.

ಲೆಕ್ಕಕ್ಕೇನೂ ಕೊರತೆಯಿರಲಿಲ್ಲ. ಚಂದ್ರನು ಸೂರ್ಯನನ್ನು ಮರೆಮಾಡುತ್ತಾನೆ, ಭೂಮಿಯ ನೆರಳು ಚಂದ್ರನನ್ನು ಮುಚ್ಚುತ್ತದೆ ಎಂದು ಆರ್ಯಭಟನು 499ರ ಸುಮಾರಿಗೇ ಬರೆದಿಟ್ಟಿದ್ದ. ಪಂಚಾಂಗದವರು ಸ್ಪರ್ಶ, ಮೋಕ್ಷಗಳ ಗಳಿಗೆಯನ್ನು ಗುಣಿಸಿ ಹೇಳುತ್ತಿದ್ದರು. ಅದನ್ನು ಕೇಳಿದ ಅನೇಕ ಮನೆಗಳಲ್ಲಿ ಉಪ್ಪಿನಕಾಯಿ ಜಾಡಿಯ ಮೇಲೆ ದರ್ಭೆ ಇಟ್ಟು ಬಾಗಿಲು ಮುಚ್ಚಿಕೊಳ್ಳುತ್ತಿದ್ದರು.

1980ರ ಫೆಬ್ರವರಿ 16ರಂದು ಪೂರ್ಣಗ್ರಹಣದ ನೆರಳು ಅಂಕೋಲೆಯ ಕಡಲತೀರದಿಂದ ರಾಯಚೂರಿನ ಕಡೆಗೆ ಹಾದುಹೋಯಿತು. ಅದನ್ನು ನೋಡಲು ಹೊರದೇಶಗಳಿಂದಲೂ ಖಗೋಳಜ್ಞರು ಉಪಕರಣಗಳನ್ನು ಹೊತ್ತು ಬಂದರು. ಪಾರ್ಶ್ವಗ್ರಹಣ ಕಂಡ ಊರುಗಳಲ್ಲಾದರೋ ಮಧ್ಯಾಹ್ನದ ಬೀದಿಗಳು ಬಿಕೋ ಎನ್ನುತ್ತಿದ್ದವು.

ಕಣ್ಣಿನ ಅಂಜಿಕೆ ಸುಳ್ಳಲ್ಲ. ಎಳೆಯಷ್ಟು ಉಳಿದ ಸೂರ್ಯನೂ ಕಣ್ಣಿನ ಒಳಪೊರೆಯನ್ನು ಸುಡಬಲ್ಲ. ಮಸಿ ಹಿಡಿದ ಗಾಜು, ಎಕ್ಸ್‌ರೇ ಹಾಳೆ ಇದಕ್ಕೆ ರಕ್ಷಣೆಯಲ್ಲ. ಆದರೆ ಗ್ರಹಣವನ್ನು ನೋಡಲು ಸೂರ್ಯನತ್ತ ಮುಖ ಎತ್ತಲೇಬೇಕೆಂದಿಲ್ಲ. ಉದ್ಯಾನದ ಒಂದು ಹೊಂಗೆಮರ ಸಾಕು. ಎಲೆಗಳ ನಡುವಿನ ಒಂದೊಂದು ಸಂದೂ ಒಂದೊಂದು ಸೂಜಿರಂಧ್ರ. ದಿನವೂ ಮರದಡಿ ಬೀಳುವ ದುಂಡು ಬಿಸಿಲಚುಕ್ಕೆಗಳು ಸೂರ್ಯನ ಬಿಂಬಗಳೇ. ಗ್ರಹಣದ ಹೊತ್ತಿನಲ್ಲಿ ಅವೆಲ್ಲವೂ ಬಿದಿಗೆಯ ಚಂದ್ರನ ಹಾಗೆ ಬಾಗುತ್ತವೆ. ನಡೆಯುವ ದಾರಿಯ ತುಂಬ ನೂರಾರು ಪುಟ್ಟ ಗ್ರಹಣಗಳು!

2019ರ ಡಿಸೆಂಬರ್ 26ರ ಬೆಳಿಗ್ಗೆ ಬೆಂಗಳೂರಿನಲ್ಲಿ ಸೂರ್ಯಬಿಂಬದ ಅಗಲದ ಹತ್ತರಲ್ಲಿ ಸುಮಾರು ಒಂಬತ್ತು ಪಾಲು ಮರೆಯಾಯಿತು. ನೆಹರೂ ತಾರಾಲಯದ ಅಂಗಳದಲ್ಲಿ ಜನ ಸುರಕ್ಷಿತವಾದ ಕನ್ನಡಕ ಹಿಡಿದು ನೋಡಿದರು. ಅದೇ ಬೆಳಿಗ್ಗೆ ಕಲಬುರಗಿಯ ಬಳಿ, ಗುಣವಾದೀತೆಂಬ ಆಸೆಯಿಂದ, ಅಂಗವಿಕಲ ಮಕ್ಕಳನ್ನು ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂತು ನಿಲ್ಲಿಸಿದ್ದರು. ಹೆತ್ತವರ ಸಂಕಟವನ್ನು ಹಳಿಯಲಾಗದು. ಆದರೆ ಆ ಮಕ್ಕಳ ಪಾಲಿಗೆ ಬಂದದ್ದು ಗ್ರಹಣದ ಅಂಜಿಕೆಯೇ ಹೊರತು ಅದರ ನೋಟವಲ್ಲ.

2031ರ ಮೇ 21ರಂದು ಕಂಕಣಗ್ರಹಣವು ಕೇರಳ, ತಮಿಳುನಾಡುಗಳ ಮೇಲೆ ಹಾಯಲಿದೆ. ಕರ್ನಾಟಕದ ಪಾಲಿಗೆ ಪಾರ್ಶ್ವಗ್ರಹಣ. ಲೆಕ್ಕವೆಲ್ಲ ಆಗಲೇ ಮುಗಿದಿದೆ. ಮಕ್ಕಳ ಕೈಹಿಡಿದು ಹತ್ತಿರದ ಉದ್ಯಾನಕ್ಕೆ ಹೋಗುವುದು ನಮ್ಮ ಕೆಲಸ.