ಬಾಸ್ ಮೀನಿಗೆ ಗಾಳ: ಕೋಲು, ರೀಲುಗಳ ಜೋಡಿ ಆರಿಸುವ ಬಗೆ

ಅಮೆರಿಕದ ಯಾವುದೇ ದೊಡ್ಡ ಸರೋವರದ ದಡದಲ್ಲಿ ಬೆಳಗಿನ ಹೊತ್ತು ನಿಂತು, ಬಾಸ್ ಮೀನಿಗಾಗಿ ನೀರಿಗಿಳಿಯುವ ದೋಣಿಗಳನ್ನು ಗಮನಿಸಿದರೆ ಒಂದು ಸಂಗತಿ ಅಚ್ಚರಿ ಹುಟ್ಟಿಸುತ್ತದೆ. ದೋಣಿಯಲ್ಲಿರುವವನು ಒಬ್ಬನೇ, ಆದರೆ ಅವನ ಮುಂದೆ ಸಾಲಾಗಿ ಮಲಗಿಸಿದ ಗಾಳದ ಕೋಲುಗಳು ಆರೋ ಎಂಟೋ ಇರುತ್ತವೆ. ಹೊರನೋಟಕ್ಕೆ ಇದು ಆಡಂಬರವೆನಿಸಬಹುದು. ವಾಸ್ತವದಲ್ಲಿ ಅವುಗಳಲ್ಲಿ ಒಂದೊಂದೂ ಒಂದೊಂದು ಕೆಲಸಕ್ಕೆ ಮೀಸಲು. ಬಡಗಿಯ ಚೀಲದಲ್ಲಿ ಉಳಿಯೊಂದೇ ಇದ್ದರೆ ಸಾಲದು ಎಂಬ ಮಾತು ಇಲ್ಲಿಗೂ ಸಲ್ಲುತ್ತದೆ.

ಹೊಸಬರು ಸಾಮಾನ್ಯವಾಗಿ ಎಡವುವುದು ಆಯ್ಕೆಯ ಕ್ರಮದಲ್ಲಿ. ಅಂಗಡಿಗೆ ಹೋದವರ ಕಣ್ಣು ಮೊದಲು ಬೀಳುವುದು ಹೊಳೆಯುವ ರೀಲಿನ ಮೇಲೆ. ಬಳಿಕ ಅದಕ್ಕೊಂದು ಕೋಲು, ಕೋಲಿಗೊಂದು ದಾರ, ಕೊನೆಗೆ ಎರೆ. ಅನುಭವಿಗಳ ಕ್ರಮ ಇದಕ್ಕೆ ತೀರ ವಿರುದ್ಧವಾದುದು. ಮೀನಿರುವ ನೀರು ಎಂಥದು ಎಂಬುದು ಮೊದಲ ಪ್ರಶ್ನೆ. ಆ ನೀರಿಗೆ ತಕ್ಕ ಎರೆ, ಎರೆಯ ತೂಕಕ್ಕೆ ತಕ್ಕ ದಾರ, ಅವೆರಡಕ್ಕೂ ಒಪ್ಪುವ ಕೋಲು, ಎಲ್ಲಕ್ಕೂ ಕೊನೆಯಲ್ಲಿ ರೀಲು. ಈ ಸರಪಳಿಯ ಒಂದು ಕೊಂಡಿ ತಪ್ಪಿದರೂ ಹಣ ದಂಡವಾಗುವುದಷ್ಟೇ ಅಲ್ಲ, ಹರಿದ ದಾರದೊಡನೆ ಕೊಕ್ಕೆಯನ್ನು ಬಾಯಲ್ಲೇ ಹೊತ್ತ ಮೀನು ನೀರಿಗೆ ಮರಳುತ್ತದೆ.

ಮೀನು ಮತ್ತು ಅದರ ನೆಲೆ

ಬಾಸ್ ಎಂಬ ಹೆಸರಿನ ಮೀನುಗಳು ಹಲವು. ಗಾಳಗಾರರ ಪ್ರೀತಿಗೆ ಪಾತ್ರವಾದವು ಮುಖ್ಯವಾಗಿ ಎರಡು: ಲಾರ್ಜ್‌ಮೌತ್ ಹಾಗೂ ಸ್ಮಾಲ್‌ಮೌತ್. ಇವೆರಡೂ ಉತ್ತರ ಅಮೆರಿಕ ಮೂಲದ ಸಿಹಿನೀರಿನ ಮೀನುಗಳು. ಲಾರ್ಜ್‌ಮೌತ್ ಹೊಂಚುಹಾಕಿ ಬೇಟೆಯಾಡುವ ಜೀವಿ. ಜೊಂಡು, ಮುಳುಗಿದ ಮರದ ದಿಮ್ಮಿ, ದೋಣಿಕಟ್ಟೆಯ ಕಂಬಗಳ ನೆರಳು ಅದರ ನೆಲೆ. ಸ್ಮಾಲ್‌ಮೌತ್‌ಗೆ ತಿಳಿಯಾದ, ತುಸು ತಂಪಾದ, ಕಲ್ಲುಬಂಡೆಗಳಿರುವ ನೀರು ಹಿತ. ಮೊದಲನೆಯದನ್ನು ಪೊದೆಯಿಂದ ಎಳೆದು ತೆಗೆಯಲು ಬಲ ಬೇಕು. ಎರಡನೆಯದನ್ನು ಮರುಳುಗೊಳಿಸಲು ತೆಳುದಾರದ ಸೂಕ್ಷ್ಮ ಬೇಕು. ಸಲಕರಣೆಯ ವೈವಿಧ್ಯವೆಲ್ಲ ಹುಟ್ಟುವುದು ಈ ಭೇದದಿಂದಲೇ.

ರೀಲಿನ ವಂಶಾವಳಿ

ಇಂದಿನ ಬೇಟ್‌ಕಾಸ್ಟಿಂಗ್ ರೀಲಿನ ಮೂಲ 19ನೇ ಶತಮಾನದ ಆರಂಭದ ಕೆಂಟಕಿ ರಾಜ್ಯದಲ್ಲಿದೆ. ಅಲ್ಲಿನ ಪ್ಯಾರಿಸ್ ಎಂಬ ಊರಿನ ಗಡಿಯಾರ ಕುಶಲಕರ್ಮಿ ಜಾರ್ಜ್ ಸ್ನೈಡರ್, ಹಿಡಿಯನ್ನು ಒಂದು ಸುತ್ತು ತಿರುಗಿಸಿದರೆ ದಾರದ ಉರುಳೆ ಹಲವು ಸುತ್ತು ತಿರುಗುವಂತೆ ಹಲ್ಲುಗಾಲಿಗಳನ್ನು ಜೋಡಿಸಿದ. ಉರುಳೆ ತಿರುಗದೆಯೇ ದಾರ ಬಿಚ್ಚಿಕೊಳ್ಳುವ ಸ್ಪಿನ್ನಿಂಗ್ ರೀಲಿಗೆ ಇಂಗ್ಲೆಂಡಿನ ಆಲ್‌ಫ್ರೆಡ್ ಇಲ್ಲಿಂಗ್‌ವರ್ತ್ 1905ರಲ್ಲಿ ಪೇಟೆಂಟ್ ಪಡೆದ. ಓಕ್ಲಹೋಮಾದ ಟಲ್ಸಾದಲ್ಲಿ ತೈಲಬಾವಿಗಳಿಗೆ ಸ್ಫೋಟಕ ತಯಾರಿಸುತ್ತಿದ್ದ ‘ಜೀರೋ ಅವರ್ ಬಾಂಬ್ ಕಂಪನಿ’ 1949ರಲ್ಲಿ ಆರ್.ಡಿ. ಹಲ್ ಅವರ ವಿನ್ಯಾಸದಂತೆ ಮುಚ್ಚಳವಿರುವ ಸರಳ ರೀಲನ್ನು ಹೊರತಂದಿತು. ಆ ಕಂಪನಿಯ ಹೆಸರಿನ ಸಂಕ್ಷಿಪ್ತ ರೂಪವೇ ಮುಂದೆ ‘ಜೆಬ್ಕೊ’ ಎಂದು ಮನೆಮಾತಾಯಿತು.

ಮುಚ್ಚಳದ ಈ ಸ್ಪಿನ್‌ಕಾಸ್ಟ್ ರೀಲು ಗುಂಡಿ ಒತ್ತಿ ಎಸೆಯುವಷ್ಟು ಸುಲಭ. ಮಕ್ಕಳ ಕೈಗೆ ಕೊಡಲು ತಕ್ಕದ್ದು. ಆದರೆ ಬಾಸ್ ಬೇಟೆಯನ್ನು ಗಂಭೀರವಾಗಿ ತೆಗೆದುಕೊಂಡವರ ಆಯ್ಕೆ ಉಳಿದೆರಡರ ನಡುವೆಯೇ.

ಎರಡು ರೀಲು, ಎರಡು ಸ್ವಭಾವ

ಸ್ಪಿನ್ನಿಂಗ್ ರೀಲು ಕೋಲಿನ ಕೆಳಗೆ ತೂಗುತ್ತದೆ. ಉರುಳೆ ಸ್ಥಿರವಾಗಿರುವುದರಿಂದ 3ರಿಂದ 10 ಗ್ರಾಂ ತೂಕದ ಹಗುರ ಎರೆಯೂ ದೂರ ಹೋಗುತ್ತದೆ. ಎದುರುಗಾಳಿಯಲ್ಲೂ ತೊಡಕು ಕಡಿಮೆ. ದಾರ ತಿರುಚಿಕೊಳ್ಳುವುದು ಇದರ ದೋಷ.

ಬೇಟ್‌ಕಾಸ್ಟಿಂಗ್ ರೀಲು ಕೋಲಿನ ಮೇಲೆ ಕೂರುತ್ತದೆ. ಎರೆ ಹಾರಿದಂತೆ ಉರುಳೆಯೂ ತಿರುಗುತ್ತದೆ. ಎರೆಯ ವೇಗ ತಗ್ಗಿದರೂ ಉರುಳೆ ತಿರುಗುತ್ತಲೇ ಇದ್ದರೆ ದಾರವೆಲ್ಲ ಹಕ್ಕಿಯ ಗೂಡಿನಂತೆ ಸಿಕ್ಕಾಗುತ್ತದೆ. ಇದನ್ನು ತಡೆಯಲು ರೀಲಿನೊಳಗೆ ಆಯಸ್ಕಾಂತದ ಅಥವಾ ಕೇಂದ್ರಾಪಗಾಮಿ ಬಲದ ಬ್ರೇಕುಗಳಿರುತ್ತವೆಯಾದರೂ ಅಂತಿಮ ಬ್ರೇಕು ಗಾಳಗಾರನ ಹೆಬ್ಬೆರಳೇ. ಎರೆಯನ್ನು ಕೋಲಿನ ತುದಿಯಿಂದ ಇಳಿಬಿಟ್ಟಾಗ ಅದು ನಿಧಾನವಾಗಿ ಇಳಿದು, ನೆಲ ಮುಟ್ಟಿದೊಡನೆ ಉರುಳೆ ನಿಲ್ಲುವಂತೆ ಪಕ್ಕದ ತಿರುಪನ್ನು ಬಿಗಿಗೊಳಿಸಿದರೆ ಆರಂಭಿಕರ ಅರ್ಧ ತೊಂದರೆ ಪರಿಹಾರವಾಗುತ್ತದೆ. ಈ ಕಷ್ಟಕ್ಕೆ ಪ್ರತಿಫಲವೂ ಉಂಟು: ದಪ್ಪ ದಾರ, ಭಾರದ ಎರೆ, ಗುರಿಯ ನಿಖರತೆ, ಎಳೆಯುವ ಬಲ ಈ ನಾಲ್ಕರಲ್ಲೂ ಇದರದೇ ಮೇಲುಗೈ.

ರೀಲಿನ ಮೇಲೆ 5.4:1, 7.1:1 ಎಂಬಂಥ ಅಂಕಿಗಳಿರುತ್ತವೆ. ಹಿಡಿಯ ಒಂದು ಸುತ್ತಿಗೆ ಉರುಳೆ ಎಷ್ಟು ಸುತ್ತು ತಿರುಗುತ್ತದೆ ಎಂಬುದೇ ಇದರ ಅರ್ಥ. ಸ್ಪಿನ್ನಿಂಗ್ ರೀಲಿನಲ್ಲಾದರೆ ಉರುಳೆಯ ಬದಲು ದಾರ ಸುತ್ತುವ ಚಕ್ರದ ಲೆಕ್ಕ. ದೊಡ್ಡ ಅಂಕಿಯ ರೀಲು ಸಡಿಲ ದಾರವನ್ನು ಬೇಗ ಎಳೆದುಕೊಳ್ಳುತ್ತದೆ. ಸಣ್ಣ ಅಂಕಿಯದು ನೀರಿನಲ್ಲಿ ಹೆಚ್ಚು ತಡೆಯೊಡ್ಡುವ ಎರೆಯನ್ನು ಕೈಸೋಲದಂತೆ ಎಳೆಯುತ್ತದೆ.

ಕೋಲಿನ ಬುಡದ ಬರಹ

ಕೋಲಿನ ಹಿಡಿಯ ಮೇಲ್ಭಾಗದಲ್ಲಿ ಸಣ್ಣಕ್ಷರಗಳಲ್ಲಿ ಉದ್ದ, ಪವರ್, ಆಕ್ಷನ್, ದಾರದ ಬಲ ಮತ್ತು ಎರೆಯ ತೂಕದ ಮಿತಿ ಅಚ್ಚಾಗಿರುತ್ತವೆ. ಬೆಲೆಯ ಚೀಟಿಗಿಂತ ಮೊದಲು ಓದಬೇಕಾದದ್ದು ಇದನ್ನೇ. ಪವರ್ ಎಂದರೆ ಕೋಲನ್ನು ಬಾಗಿಸಲು ಬೇಕಾದ ಬಲ. ಲೈಟ್, ಮೀಡಿಯಂ, ಮೀಡಿಯಂ ಹೆವಿ, ಹೆವಿ ಎಂಬವು ಅದರ ಮೆಟ್ಟಿಲುಗಳು. ಆಕ್ಷನ್ ಎಂದರೆ ಕೋಲು ಎಲ್ಲಿ ಬಾಗುತ್ತದೆ ಎಂಬುದು. ಫಾಸ್ಟ್ ಎಂದಿದ್ದರೆ ತುದಿಯಷ್ಟೇ ಬಾಗುತ್ತದೆ, ಮಾಡರೇಟ್ ಎಂದಿದ್ದರೆ ನಡುವಿನವರೆಗೂ ಬಾಗುತ್ತದೆ. ಎರಡು ಕಂಪನಿಗಳ ‘ಮೀಡಿಯಂ’ ಒಂದೇ ಆಗಿರಬೇಕೆಂದಿಲ್ಲ. ಆದ್ದರಿಂದ ಹೆಸರಿಗಿಂತ ಎರೆಯ ತೂಕದ ಮಿತಿಯನ್ನು ನಂಬುವುದು ಕ್ಷೇಮ. ಈ ತೂಕವನ್ನು ಔನ್ಸ್‌ನಲ್ಲಿ ಬರೆದಿರುತ್ತಾರೆ. 1 ಔನ್ಸ್ ಎಂದರೆ ಸುಮಾರು 28 ಗ್ರಾಂ.

ದಾರದ ಮಾತು

ದಾರದಲ್ಲಿ ಮೂರು ಬಗೆ. ನೈಲಾನ್ ಮಾನೊಫಿಲಮೆಂಟ್ ಅಗ್ಗ, ಹಿಗ್ಗುವ ಗುಣದ್ದು, ಬೇಗ ಮುಳುಗದು. ನೀರಿನ ಮೇಲೆ ತೇಲುವ ಎರೆಗಳಿಗೆ ಹೊಂದುತ್ತದೆ. ಫ್ಲೋರೋಕಾರ್ಬನ್ ನೀರಿನಲ್ಲಿ ಮುಳುಗುತ್ತದೆ, ಕಲ್ಲಿಗೆ ಉಜ್ಜಿದರೂ ತಾಳುತ್ತದೆ, ಮೀನಿನ ಕಣ್ಣಿಗೆ ಕಾಣುವುದು ಕಡಿಮೆ. ಹೆಣೆದ ದಾರಕ್ಕೆ ಹಿಗ್ಗುವ ಗುಣ ಇಲ್ಲವೆನ್ನುವಷ್ಟು ಕಡಿಮೆ. ಅದೇ ಬಲದ ನೈಲಾನಿಗಿಂತ ಬಹಳ ತೆಳು. 30 ಪೌಂಡ್ ಬಲದ ಹೆಣೆದ ದಾರ ಸುಮಾರಾಗಿ 8 ಪೌಂಡಿನ ನೈಲಾನಿನಷ್ಟೇ ದಪ್ಪ. ತಿಳಿನೀರಿನಲ್ಲಿ ಇದು ಎದ್ದು ಕಾಣುವುದರಿಂದ ತುದಿಗೆ ಕೆಲವು ಅಡಿ ಫ್ಲೋರೋಕಾರ್ಬನ್ ಕಟ್ಟುವುದು ರೂಢಿ. ನುಣುಪಾದ ಉರುಳೆಯ ಮೇಲೆ ಇದು ಜಾರುತ್ತದೆಯಾದ್ದರಿಂದ ಅಡಿಯಲ್ಲಿ ಕೆಲವು ಸುತ್ತು ನೈಲಾನ್ ಸುತ್ತಿರಬೇಕು.

ಮೆಚ್ಚಿನ ನಾಲ್ಕು ಜೋಡಿಗಳು

ಅನುಭವಿಗಳ ದೋಣಿಯಲ್ಲಿ ಮತ್ತೆಮತ್ತೆ ಕಾಣುವ ಜೋಡಿಗಳನ್ನು ಹೀಗೆ ವಿಂಗಡಿಸಬಹುದು.

1. ಸರ್ವೋಪಯೋಗಿ ಜೋಡಿ: 7 ಅಡಿಯ ಮೀಡಿಯಂ ಹೆವಿ, ಫಾಸ್ಟ್ ಕೋಲು, 7:1ರ ಆಸುಪಾಸಿನ ಬೇಟ್‌ಕಾಸ್ಟಿಂಗ್ ರೀಲು, 15 ಪೌಂಡಿನ ಫ್ಲೋರೋಕಾರ್ಬನ್. ಜಿಗ್, ಸ್ಪಿನ್ನರ್‌ಬೇಟ್, ಸೀಸದ ಗುಂಡಿನೊಡನೆ ತಳಕ್ಕಿಳಿಯುವ ಪ್ಲಾಸ್ಟಿಕ್ ಹುಳು, ಹೀಗೆ ಒಂಟಿ ಕೊಕ್ಕೆಯ ಎರೆಗಳಿಗೆಲ್ಲ ಒಗ್ಗುತ್ತದೆ.

2. ಸೂಕ್ಷ್ಮದ ಜೋಡಿ: 7 ಅಡಿಯ ಮೀಡಿಯಂ ಅಥವಾ ಅದಕ್ಕಿಂತ ತುಸು ಹಗುರದ ಕೋಲು, 2500 ಇಲ್ಲವೆ 3000 ಅಳತೆಯ ಸ್ಪಿನ್ನಿಂಗ್ ರೀಲು, 10 ಪೌಂಡಿನ ಹೆಣೆದ ದಾರ, ತುದಿಗೆ 6ರಿಂದ 8 ಪೌಂಡಿನ ಫ್ಲೋರೋಕಾರ್ಬನ್. ತಿಳಿನೀರಿಗೆ, ಸ್ಮಾಲ್‌ಮೌತ್‌ಗೆ, ಮೀನು ಎರೆ ಕಚ್ಚಲು ಹಿಂಜರಿಯುವ ದಿನಗಳಿಗೆ.

3. ಮೃದುತುದಿಯ ಜೋಡಿ: 7ರಿಂದ 7.5 ಅಡಿಯ ಮಾಡರೇಟ್ ಕೋಲು, ಹಲವೊಮ್ಮೆ ಫೈಬರ್‌ಗ್ಲಾಸಿನದು. 5:1ರಿಂದ 6:1ರ ರೀಲು. 10ರಿಂದ 12 ಪೌಂಡಿನ ದಾರ. ನೀರಿನೊಳಗೆ ಅಲುಗುತ್ತ ಸಾಗುವ ಕ್ರ್ಯಾಂಕ್‌ಬೇಟ್‌ಗೆ ಮೂರುಮುಳ್ಳಿನ ಸಣ್ಣ ಕೊಕ್ಕೆಗಳಿರುತ್ತವೆ. ಗಡಸು ಕೋಲಿನಿಂದ ಜಗ್ಗಿದರೆ ಅವು ಮೀನಿನ ಬಾಯಿಂದ ಕಿತ್ತುಬರುತ್ತವೆ. ಮೃದುವಾದ ಕೋಲು ಆ ಜಗ್ಗನ್ನು ತಾನೇ ನುಂಗಿಕೊಳ್ಳುತ್ತದೆ.

4. ಜೊಂಡಿನ ಜೋಡಿ: 7.25ರಿಂದ 7.5 ಅಡಿಯ ಹೆವಿ ಕೋಲು. 7:1 ಅಥವಾ ಹೆಚ್ಚಿನ ರೀಲು. 50ರಿಂದ 65 ಪೌಂಡಿನ ಹೆಣೆದ ದಾರ. ತೇಲುವ ಎಲೆಗಳ ಮೇಲೆ ರಬ್ಬರ್ ಕಪ್ಪೆಯನ್ನು ಕುಣಿಸುವವರಿಗೆ ಇದು ಅನಿವಾರ್ಯ. ಕಚ್ಚಿದ ಮೀನನ್ನು ಕ್ಷಣಾರ್ಧದಲ್ಲಿ ಮೇಲೆಳೆಯದಿದ್ದರೆ ಅದು ಬೇರುಗಳ ನಡುವೆ ಹೊಕ್ಕು ಕೈಗೆ ಸಿಗದು.

ಒಂದನ್ನೇ ಕೊಳ್ಳಬಲ್ಲ ಹೊಸಬರಿಗೆ ಎರಡನೆಯದು ಸುರಕ್ಷಿತ. ಕಲಿಯುವುದು ಸುಲಭ, ಸಿಕ್ಕು ಕಡಿಮೆ. ಎರಡನ್ನು ಕೊಳ್ಳಬಲ್ಲವರು ಮೊದಲನೆಯದನ್ನೂ ಸೇರಿಸಿಕೊಂಡರೆ ಬಹುಪಾಲು ಸಂದರ್ಭಗಳಿಗೆ ಸಾಕು.

ದಾಖಲೆಗಳು ಹೇಳುವ ಪಾಠ

ಲಾರ್ಜ್‌ಮೌತ್ ಬಾಸ್‌ನ ವಿಶ್ವದಾಖಲೆ ಇಬ್ಬರ ಹೆಸರಿನಲ್ಲಿದೆ. 1932ರ ಜೂನ್ 2ರಂದು ಜಾರ್ಜಿಯಾ ರಾಜ್ಯದ ಮಾಂಟ್‌ಗೊಮರಿ ಲೇಕ್‌ನಲ್ಲಿ ಜಾರ್ಜ್ ಪೆರ್ರಿ 22 ಪೌಂಡ್ 4 ಔನ್ಸ್ ತೂಕದ ಮೀನು ಹಿಡಿದರು. 2009ರ ಜುಲೈ 2ರಂದು ಜಪಾನಿನ ಬೀವಾ ಸರೋವರದಲ್ಲಿ ಮನಾಬು ಕುರಿತಾ ಅವರಿಗೆ ಸಿಕ್ಕ ಮೀನು ಅದಕ್ಕಿಂತ ಒಂದು ಔನ್ಸ್‌ನಷ್ಟೂ ಹೆಚ್ಚಿರಲಿಲ್ಲ. ಹಳೆಯ ದಾಖಲೆ ಮುರಿಯಲು ಕನಿಷ್ಠ 2 ಔನ್ಸ್ ಹೆಚ್ಚಿರಬೇಕೆಂಬ ನಿಯಮದಿಂದಾಗಿ ಇಬ್ಬರಿಗೂ ಸಮಪಾಲು ದೊರೆಯಿತು. ಎರಡು ಮೀನುಗಳ ನಡುವಿನ 77 ವರ್ಷಗಳಲ್ಲಿ ಕೋಲು, ರೀಲು, ದಾರಗಳೆಲ್ಲ ಗುರುತು ಸಿಗದಷ್ಟು ಬದಲಾದವು. ಮೀನಿನ ತೂಕ ಬದಲಾಗಲಿಲ್ಲ. ಸಲಕರಣೆ ಗಾಳಗಾರನ ತಪ್ಪುಗಳನ್ನು ಕಡಿಮೆ ಮಾಡೀತೇ ಹೊರತು ಮೀನನ್ನು ಸೃಷ್ಟಿಸದು.

ಡ್ರ್ಯಾಗ್ ಮತ್ತು ಮೀನಿನ ಜೀವ

ಮೀನು ಜೋರಾಗಿ ಎಳೆದಾಗ ದಾರ ತುಂಡಾಗದಂತೆ ತುಸುತುಸುವೇ ಬಿಟ್ಟುಕೊಡುವ ಏರ್ಪಾಟಿಗೆ ಡ್ರ್ಯಾಗ್ ಎನ್ನುತ್ತಾರೆ. ದಾರದ ಬಲದ ಕಾಲುಭಾಗದಿಂದ ಮೂರನೇ ಒಂದು ಭಾಗದಷ್ಟು ಎಳೆತಕ್ಕೆ ಅದು ಸಡಿಲವಾಗಬೇಕೆಂಬುದು ವಾಡಿಕೆಯ ಲೆಕ್ಕ. 12 ಪೌಂಡಿನ ದಾರವಾದರೆ 3ರಿಂದ 4 ಪೌಂಡ್. ಸ್ಪ್ರಿಂಗ್ ತಕ್ಕಡಿಯಿಂದ ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು.

ಈ ಲೆಕ್ಕದ ಹಿಂದೆ ಮೀನಿನ ಹಿತವೂ ಇದೆ. ಅಲಬಾಮಾದ ವಿಮಾ ಮಾರಾಟಗಾರ ರೇ ಸ್ಕಾಟ್ 1967ರಲ್ಲಿ ಆರ್ಕನ್ಸಾದ ಬೀವರ್ ಲೇಕ್‌ನಲ್ಲಿ ಬಾಸ್ ಪಂದ್ಯ ಏರ್ಪಡಿಸಿ, ಮರುವರ್ಷ ಗಾಳಗಾರರ ಸಂಘಟನೆ ‘ಬಾಸ್’ ಅನ್ನು ಸ್ಥಾಪಿಸಿದರು. 1972ರಲ್ಲಿ ಹಿಡಿದ ಮೀನನ್ನು ಕೊಲ್ಲದೆ ನೀರಿಗೆ ಬಿಡುವ ಪದ್ಧತಿಯನ್ನು ತಮ್ಮ ಪಂದ್ಯಗಳಲ್ಲಿ ಜಾರಿಗೆ ತಂದರು. ಅಲ್ಲಿಂದೀಚೆಗೆ ಹಿಡಿದ ಬಾಸ್ ಬದುಕಿ ಮರಳುವುದೇ ಬೇಟೆಯ ಅರ್ಧ ಯಶಸ್ಸೆನಿಸಿದೆ. ಅತಿ ಹಗುರ ಸಲಕರಣೆಯಿಂದ ದೊಡ್ಡ ಮೀನನ್ನು ಬಹಳ ಹೊತ್ತು ಆಡಿಸಿದರೆ, ವಿಶೇಷವಾಗಿ ಬೇಸಗೆಯ ಬಿಸಿನೀರಿನಲ್ಲಿ, ಅದು ಬಳಲಿ ಬಿಟ್ಟ ಮೇಲೂ ಸಾಯಬಹುದು. ಕೌಶಲದ ಪ್ರದರ್ಶನಕ್ಕೆಂದು ತೆಳುದಾರ ಕಟ್ಟುವುದು ಈ ಕಾರಣದಿಂದ ಸಲ್ಲದು. ಮೇಲೆ ಬಂದ ಭಾರದ ಮೀನನ್ನು ದವಡೆಯೊಂದರಿಂದಲೇ ಅಡ್ಡಕ್ಕೆ ಎತ್ತದೆ, ಹೊಟ್ಟೆಗೂ ಕೈ ಆಸರೆ ಕೊಡಬೇಕು.

ನಿಯಮಗಳ ಅರಿವು

ಅಮೆರಿಕದಲ್ಲಿ ಸಿಹಿನೀರಿನ ಗಾಳಕ್ಕೆ ಪರವಾನಗಿ ಕೊಡುವುದು ಆಯಾ ರಾಜ್ಯ. ಉದ್ಯೋಗ ನಿಮಿತ್ತ ಅಲ್ಲಿ ನೆಲೆಸಿದ ಕನ್ನಡಿಗರೂ ವಾರಾಂತ್ಯದಲ್ಲಿ ಸರೋವರಕ್ಕೆ ಹೋಗುವ ಮುನ್ನ ಇದನ್ನು ಪಡೆದಿರಬೇಕು. ಆ ರಾಜ್ಯದ ನಿವಾಸಿಗಳಿಗೂ ಹೊರಗಿನವರಿಗೂ ಶುಲ್ಕ ಬೇರೆಬೇರೆ. ನ್ಯೂ ಹ್ಯಾಂಪ್‌ಶೈರ್, ಮೇನ್ ಮೊದಲಾದ ರಾಜ್ಯಗಳಲ್ಲಿ ಲೂನ್ ಎಂಬ ನೀರುಹಕ್ಕಿಗಳು ಸೀಸದ ಗುಂಡು ನುಂಗಿ ಸಾಯುವುದನ್ನು ತಡೆಯಲು ಅಂಥ ಸಣ್ಣ ಗುಂಡುಗಳಿಗೆ ನಿರ್ಬಂಧವಿದೆ. ಬದಲಿಗೆ ಟಂಗ್‌ಸ್ಟನ್ ಬಳಸಬಹುದು. ಜಪಾನಿನಲ್ಲಂತೂ ಬಾಸ್ ಹೊರಗಿನಿಂದ ಬಂದು ಸ್ಥಳೀಯ ಮೀನುಗಳನ್ನು ನುಂಗುವ ಜೀವಿಯೆಂದು ಪರಿಗಣಿತವಾಗಿದ್ದು, ಅದನ್ನು ಜೀವಂತವಾಗಿ ಸಾಗಿಸುವುದನ್ನು 2005ರಿಂದ ನಿಷೇಧಿಸಲಾಗಿದೆ. ತವರಿನಲ್ಲಿ ಬದುಕಿಸಬೇಕಾದ ಮೀನು ಪರನಾಡಿನಲ್ಲಿ ಪೀಡೆಯಾಗಬಲ್ಲುದೆಂಬುದಕ್ಕೆ ಇದು ನಿದರ್ಶನ.

ಹೀಗೆ, ಮೆಚ್ಚಿನ ಜೋಡಿ ಯಾವುದೆಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲದಿದ್ದರೂ ಉತ್ತರ ಹುಡುಕುವ ಹಾದಿ ಒಂದೇ. ನೀರನ್ನು ನೋಡಿ ಎರೆಯನ್ನೂ, ಎರೆಯನ್ನು ತೂಗಿ ದಾರವನ್ನೂ ಆರಿಸಿಕೊಂಡವನಿಗೆ ಕೋಲು, ರೀಲುಗಳ ಆಯ್ಕೆ ತಾನಾಗಿ ತೆರೆದುಕೊಳ್ಳುತ್ತದೆ.