ನರತಡೆ ಚುಚ್ಚುಮದ್ದು

ನೋವನ್ನು ಹೊತ್ತು ತರುವ ನರದ ಪಕ್ಕಕ್ಕೆ ಮರಗಟ್ಟಿಸುವ ಮದ್ದನ್ನು ಸೂಜಿಯಿಂದ ಬಿಡುವ ಚಿಕಿತ್ಸೆ. ಆಸ್ಪತ್ರೆಗಳಲ್ಲಿ ಇದಕ್ಕೆ ‘ನರ್ವ್ ಬ್ಲಾಕ್’ ಎನ್ನುತ್ತಾರೆ. ಸರ್ಪಸುತ್ತಿನ ಗುಳ್ಳೆ ಒಣಗಿದ ಮೇಲೂ ಪಕ್ಕೆಯಲ್ಲಿ ಉಳಿಯುವ ಉರಿ, ಸೊಂಟದಿಂದ ಹಿಮ್ಮಡಿಯವರೆಗೆ ಸೆಳೆಯುವ ಸಯಾಟಿಕಾ, ಮುಖದ ಒಂದು ಬದಿಗೆ ಕರೆಂಟ್ ಹೊಡೆದಂತೆ ಬರುವ ನೋವು ಇವೆಲ್ಲ ಮಾತ್ರೆಗೆ ಜಗ್ಗದಿದ್ದಾಗ ವೈದ್ಯರು ಇದರತ್ತ ತಿರುಗುತ್ತಾರೆ.

ನೋವಿರುವ ಜಾಗಕ್ಕೇ ಮದ್ದು ಮಾಡುವ ಯೋಚನೆ ಬಹಳ ಹಳೆಯದು. ಗೃಧ್ರಸಿಗೆ, ಅಂದರೆ ಇಂದಿನ ಸಯಾಟಿಕಾಗೆ, ಚರಕಸಂಹಿತೆಯು ರಕ್ತ ತೆಗೆಯುವುದು, ಬಸ್ತಿ (ಎನಿಮಾ) ಮತ್ತು ನೋವಿನ ಜಾಗವನ್ನು ಸುಡುವ ಚಿಕಿತ್ಸೆಯನ್ನು ಹೇಳುತ್ತದೆ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಬರೆ ಹಾಕಿಸಿಕೊಂಡ ಗುರುತು ಹೊತ್ತ ಹಿರಿಯರು ಇಂದಿಗೂ ಸಿಗುತ್ತಾರೆ.

ಸೂಜಿಯ ಚರಿತ್ರೆ ಶುರುವಾದದ್ದೇ ನರನೋವಿನಿಂದ. 1853ರಲ್ಲಿ ಎಡಿನ್‌ಬರೋದ ಅಲೆಕ್ಸಾಂಡರ್ ವುಡ್, ನರನೋವಿನಿಂದ ನಿದ್ದೆಗೆಟ್ಟ ವೃದ್ಧೆಯೊಬ್ಬಳಿಗೆ ನೋವಿದ್ದ ಜಾಗದಲ್ಲೇ ಮಾರ್ಫಿನ್ ಚುಚ್ಚಿದರು. ಆಕೆ ಮರುದಿನದವರೆಗೂ ಗಾಢವಾಗಿ ಮಲಗಿದಳು. ಮದ್ದು ಕೆಲಸ ಮಾಡಿದ್ದು ಅದೇ ನರದ ಮೇಲೆ ಎಂದು ವುಡ್ ನಂಬಿ, 1855ರಲ್ಲಿ ಹಾಗೆಯೇ ಪ್ರಕಟಿಸಿದರು. ಎಲ್ಲಿ ಚುಚ್ಚಿದರೂ ಮಾರ್ಫಿನ್ ರಕ್ತಕ್ಕೆ ಸೇರಿ ಇಡೀ ದೇಹದ ಮೇಲೆ ಪರಿಣಾಮ ಮಾಡುತ್ತದೆ ಎಂದು ಲಂಡನ್ನಿನ ಚಾರ್ಲ್ಸ್ ಹಂಟರ್ ಮುಂದೆ ತೋರಿಸಿದರು. ವುಡ್ ಕೊಟ್ಟ ವಿವರಣೆ ಬಿದ್ದುಹೋಯಿತು, ಅವರ ವಿಧಾನ ಉಳಿಯಿತು.

ಒಂದೇ ನರವನ್ನು ನಿಜವಾಗಿ ತಡೆಯುವ ಮದ್ದು ಸಿಕ್ಕಿದ್ದು 1884ರಲ್ಲಿ. ವಿಯೆನ್ನಾದ ಕಾರ್ಲ್ ಕೋಲರ್ ಕೊಕೇನ್ ಹನಿಯಿಂದ ಕಣ್ಣನ್ನು ಮರಗಟ್ಟಿಸಬಹುದೆಂದು ಕಂಡುಕೊಂಡರು. ಅದೇ ವರ್ಷ ನ್ಯೂಯಾರ್ಕಿನ ವಿಲಿಯಂ ಹಾಲ್ಸ್ಟೆಡ್ ಮತ್ತು ರಿಚರ್ಡ್ ಹಾಲ್ ಅದನ್ನು ದವಡೆಯ ನರದ ಬಳಿ ಚುಚ್ಚಿ ನೋಡಿದರು. ಪ್ರಯೋಗಕ್ಕೆ ತಮ್ಮ ದೇಹವನ್ನೇ ಒಡ್ಡಿಕೊಂಡ ಹಾಲ್ಸ್ಟೆಡ್ ಕೊಕೇನ್ ಚಟಕ್ಕೆ ಬಿದ್ದರು. ಇಂದು ಹಲ್ಲು ಕೀಳಿಸಿಕೊಳ್ಳುವಾಗ ನೋವು ತಿಳಿಯದಿರುವುದರ ಹಿಂದೆ ಅವರು ತೆತ್ತ ಬೆಲೆಯೂ ಇದೆ. 1901ರಲ್ಲಿ ಪ್ಯಾರಿಸ್ಸಿನ ಸಿಕಾರ್ ಮತ್ತು ಕ್ಯಾಥೆಲಿನ್ ಬೆನ್ನುಮೂಳೆಯ ಬುಡದಿಂದ ಕೊಕೇನ್ ಕೊಟ್ಟರು. 1903ರಲ್ಲಿ ಜರ್ಮನಿಯ ಶ್ಲೋಸರ್ ಮುಖದ ನರನೋವಿಗೆ ಆಲ್ಕೋಹಾಲ್ ಚುಚ್ಚಿ ನರವನ್ನೇ ಕೆಡಿಸುವ ದಾರಿ ಹಿಡಿದರು. ಇದರಿಂದ ನೋವು ತಿಂಗಳುಗಟ್ಟಲೆ ನಿಲ್ಲುತ್ತಿತ್ತು, ಜತೆಗೆ ಕೆನ್ನೆಯ ಸ್ಪರ್ಶಜ್ಞಾನವೂ ಹೋಗುತ್ತಿತ್ತು. 1962ರಲ್ಲಿ ಕಾರ್ಬಮಜೆಪಿನ್ ಮಾತ್ರೆ ಆ ನೋವಿಗೆ ಒದಗುತ್ತದೆಂದು ತಿಳಿದ ಮೇಲೆ ಆಲ್ಕೋಹಾಲಿನ ಬಳಕೆ ತಗ್ಗಿತು.

ಸ್ವೀಡನ್ನಿನಲ್ಲಿ 1943ರಲ್ಲಿ ತಯಾರಾದ ಲಿಡೋಕೇನ್, 1957ರಲ್ಲಿ ತಯಾರಾದ ಬುಪಿವಕೇನ್ ಇಂದಿನ ಮುಖ್ಯ ಮದ್ದುಗಳು. ನರದೊಳಗೆ ಸೋಡಿಯಂ ನುಗ್ಗುವ ದಾರಿಯನ್ನು ಇವು ಮುಚ್ಚುವುದರಿಂದ ನೋವಿನ ಸಂದೇಶ ಅಲ್ಲೇ ನಿಲ್ಲುತ್ತದೆ. 1950ರ ದಶಕದಿಂದ ಊತ ಇಳಿಸಲು ಸ್ಟಿರಾಯ್ಡ್ ಸೇರಿಸುವ ರೂಢಿ ಬಂತು. 1953ರಲ್ಲಿ ಅಮೆರಿಕದ ಅರಿವಳಿಕೆ ತಜ್ಞ ಜಾನ್ ಬೊನಿಕಾ ನೋವಿನ ಚಿಕಿತ್ಸೆಯ ಬಗ್ಗೆ ಬೃಹತ್ ಗ್ರಂಥ ಬರೆದು, ಹಳೆಯ ನೋವನ್ನು ಹಲವು ಬಗೆಯ ವೈದ್ಯರು ಕೂಡಿ ನೋಡಬೇಕೆಂದು ವಾದಿಸಿದರು. 1994ರಲ್ಲಿ ವಿಯೆನ್ನಾದ ವೈದ್ಯರು ಅಲ್ಟ್ರಾಸೌಂಡ್ ತೆರೆಯ ಮೇಲೆ ಕಾಣುತ್ತಲೇ ಭುಜದ ನರಗಳಿಗೆ ಮದ್ದು ಬಿಟ್ಟರು. ಅಂದಾಜಿನ ಕೆಲಸ ಕಣ್ಣಿಗೆ ಕಾಣುವ ಕೆಲಸವಾಯಿತು.

ಭಾರತದಲ್ಲಿ ನೋವಿನ ಅಧ್ಯಯನಕ್ಕೆಂದೇ ವೈದ್ಯರ ಸಂಘ ಹುಟ್ಟಿದ್ದು 1984ರಲ್ಲಿ. ಅದಕ್ಕೂ ಮೊದಲೇ, 1961ರಲ್ಲಿ, ಬಳ್ಳಾರಿಯಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಆರಂಭವಾಯಿತು. ಜನ ವಿಮ್ಸ್ ಎಂದೇ ಕರೆಯುವ ಈ ಸಂಸ್ಥೆಯ ಅರಿವಳಿಕೆ ವಿಭಾಗ ಬಂದ ಮೇಲೆ ನರತಡೆಯ ಕೌಶಲ ಈ ಸೀಮೆಗೂ ತಲುಪಿತು. ಆದರೆ ಅದು ಹೆಚ್ಚಾಗಿ ಆಪರೇಷನ್ ಕೋಣೆಯೊಳಗೇ ಉಳಿದಿದೆ. ಹೊರಗೂ ಅದರ ಅಗತ್ಯವಿದೆ. ಇದೇ ಜಿಲ್ಲೆಯ ಮೆಟ್ರಿ, ಕಂಪ್ಲಿ ಕಡೆಯ ಭತ್ತದ ನಾಟಿ, ಕಬ್ಬಿನ ಕಟಾವು ಸೊಂಟ ಬಾಗಿಸಿಯೇ ಮಾಡಬೇಕಾದವು. ಸಂಡೂರಿನ ಅದಿರು ಲಾರಿ ಓಡಿಸುವವರ ಬೆನ್ನು ದಿನವಿಡೀ ಕುಲುಕುತ್ತದೆ. ಇಂಥವರ ಕಾಲುಸೆಳೆತಕ್ಕೆ ಹತ್ತಿರದಲ್ಲಿ ಸುಲಭವಾಗಿ ಸಿಗುವುದು ನೋವಿನ ಮಾತ್ರೆ, ಅದನ್ನೇ ವರ್ಷಗಟ್ಟಲೆ ನುಂಗಿದರೆ ಮೂತ್ರಪಿಂಡಕ್ಕೆ ಅಪಾಯ.

ಇನ್ನೊಂದು ಅಡ್ಡಿ ಭಯ. ಹೆರಿಗೆಯ ಆಪರೇಷನ್ನಿಗೆ ಬೆನ್ನಿಗೆ ಕೊಟ್ಟ ಸೂಜಿಯಿಂದಲೇ ಜನ್ಮಪೂರ್ತಿ ಸೊಂಟನೋವು ಬಂತೆಂದು ಅನೇಕ ತಾಯಂದಿರು ನಂಬಿದ್ದಾರೆ. ಚುಚ್ಚಿದ ಜಾಗ ಕೆಲವು ದಿನ ನೋಯುವುದುಂಟು, ದೀರ್ಘಕಾಲದ ಬೆನ್ನುನೋವಿಗೂ ಆ ಸೂಜಿಗೂ ಸಂಬಂಧವಿದೆಯೆಂದು ಅಧ್ಯಯನಗಳು ತೋರಿಸಿಲ್ಲ. ಅವರ ನೋವು ಮಾತ್ರ ನಿಜ. ಅದಕ್ಕೆ ಬೇರೆ ಕಾರಣ ಹುಡುಕಿ ಕೊಡುವುದು ವೈದ್ಯರ ಹೊಣೆ.

ಈ ಸೂಜಿಯಿಂದ ಏನನ್ನು ನಿರೀಕ್ಷಿಸಬಹುದು ಎಂಬುದಕ್ಕೆ 2006ರಲ್ಲಿ ಪ್ರಕಟವಾದ ನೆದರ್ಲೆಂಡ್ಸಿನ ದೊಡ್ಡ ಅಧ್ಯಯನ ಒಳ್ಳೆಯ ಅಳತೆಗೋಲು. ಸರ್ಪಸುತ್ತು ಎದ್ದ ಹೊಸತರಲ್ಲಿ ಬೆನ್ನಿಗೆ ಒಮ್ಮೆ ಚುಚ್ಚುಮದ್ದು ಕೊಟ್ಟಾಗ ಮೊದಲ ತಿಂಗಳ ನೋವು ಸ್ವಲ್ಪ ತಗ್ಗಿತು, ಮುಂದೆ ಉಳಿಯುವ ನೋವನ್ನು ಅದು ತಡೆಯಲಿಲ್ಲ. ಆದ್ದರಿಂದ ಬ್ಲಾಕ್ ಅನ್ನು ಗುಣವೆಂದಲ್ಲ, ಬಿಡುವು ಎಂದು ಕಾಣುವುದೇ ಸರಿ. ಆ ಬಿಡುವಿನಲ್ಲಿ ನಿದ್ದೆ ಮಾಡಬಹುದು, ನಡೆಯಬಹುದು, ವ್ಯಾಯಾಮ ಕಲಿಯಬಹುದು. ನೋವಿನ ಮೂಲ ಯಾವ ನರ ಎಂಬ ಸುಳಿವು ವೈದ್ಯರಿಗೂ ಸಿಗುತ್ತದೆ. ಸಕ್ಕರೆ ಕಾಯಿಲೆಯಿಂದ ಎರಡೂ ಪಾದ ಉರಿಯುವವರಿಗೆ ಸಾಮಾನ್ಯವಾಗಿ ಇದು ಮದ್ದಲ್ಲ. ಬೇರೆ ನೋವಿಗೆ ಸ್ಟಿರಾಯ್ಡ್ ಬೆರೆಸಿದ ಸೂಜಿ ಪಡೆದರೂ ಅಂಥವರ ಸಕ್ಕರೆ ಕೆಲವು ದಿನ ಏರುತ್ತದೆ. ಸಕ್ಕರೆ ಕಾಯಿಲೆಯಿದ್ದರೆ ಅದನ್ನೂ, ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ವೈದ್ಯರಿಗೆ ಮೊದಲೇ ಹೇಳಬೇಕು.