ಫಿರಂಗಿಗೆ ಬೀಳದ ಥ್ರೀವ್ ಗೋಪುರ

ಸ್ಕಾಟ್ಲೆಂಡಿನ ನೈಋತ್ಯ ಭಾಗದ ಗ್ಯಾಲೊವೆ ಪ್ರಾಂತದಲ್ಲಿ ಡೀ ಎಂಬ ನದಿಯ ನಡುಗಡ್ಡೆಯ ಮೇಲೆ ಚಾವಣಿಯಿಲ್ಲದ ಕಲ್ಲುಗೋಪುರವೊಂದು ನಿಂತಿದೆ. ಅದೇ ಥ್ರೀವ್. ಇಂಥ ಕಟ್ಟಡಕ್ಕೆ ಅಲ್ಲಿ ‘ಟವರ್ ಹೌಸ್’ ಎನ್ನುತ್ತಾರೆ, ಎಂದರೆ ಗೋಪುರಮನೆ. ಕೋಣೆಗಳನ್ನು ಪಕ್ಕಪಕ್ಕದಲ್ಲಿ ಕಟ್ಟದೆ ಒಂದರ ಮೇಲೊಂದು ಏರಿಸಿದ, ಮನೆಯೂ ಕೋಟೆಯೂ ಆಗಿದ್ದ ಕಟ್ಟಡ.

1369ರಲ್ಲಿ ಗ್ಯಾಲೊವೆಯ ಒಡೆತನ ಪಡೆದ ಆರ್ಚಿಬಾಲ್ಡ್ ಡಗ್ಲಸ್ ಇದನ್ನು ಕಟ್ಟಿಸಿದ. ‘ಉಗ್ರ’ ಎಂಬ ಅಡ್ಡಹೆಸರಿನ ಈತ 1400ರಲ್ಲಿ ಇಲ್ಲಿಯೇ ತೀರಿಕೊಂಡ. ಗೋಪುರದ ಗೋಡೆಗಳ ದಪ್ಪ ಸುಮಾರು 3 ಮೀಟರ್. ತಳದಲ್ಲಿ ಉಗ್ರಾಣ, ಬಾವಿ, ಸೆರೆಮನೆ. ಅದರ ಮೇಲೆ ಅಡುಗೆಮನೆ, ಆಮೇಲೆ ಸಭಾಂಗಣ, ಒಡೆಯನ ಕೋಣೆಗಳು, ತುದಿಯಲ್ಲಿ ಕಾವಲುಪಡೆ. ಬಾಗಿಲಿನ ನೆತ್ತಿಯ ಮೇಲೆ ಎತ್ತರದಲ್ಲಿ ಚಾಚಿಕೊಂಡಿರುವ ಕಲ್ಲಿಗೆ ಅಪರಾಧಿಗಳನ್ನು ನೇತುಹಾಕುತ್ತಿದ್ದರೆಂದು ಜನ ಹೇಳುತ್ತಾರೆ. ಅಡ್ಡಹೆಸರಿಗೆ ತಕ್ಕ ಕಥೆ!

ಗೋಪುರ ಒಂಟಿಯಾಗಿರಲಿಲ್ಲ. 1974ರಿಂದ 1978ರವರೆಗೆ ನಡೆದ ಉತ್ಖನನದಲ್ಲಿ ಸುತ್ತಲೂ ಬೇರೆ ದೊಡ್ಡ ಕಟ್ಟಡಗಳ ತಳಪಾಯ ಸಿಕ್ಕಿತು. 1447ರ ಸುಮಾರಿಗೆ ಅವನ್ನೆಲ್ಲ ಕೆಡವಿ, ಗೋಪುರಕ್ಕೆ ಹತ್ತಿರವಾಗಿ ತಗ್ಗಾದ ಗೋಡೆ ಎಬ್ಬಿಸಲಾಯಿತು. ಅದರ ಮೂಲೆಗಳಲ್ಲಿ ದುಂಡು ಬುರುಜುಗಳು, ಅವುಗಳಲ್ಲಿ ತೋಪು ಹಾರಿಸುವ ಕಂಡಿಗಳು. ಬಾಣದ ಕಾಲ ಮುಗಿಯುತ್ತಿದೆಯೆಂದು ಡಗ್ಲಸ್ ಮನೆತನ ಬೇಗನೆ ಅರಿತಿತ್ತು.

ಅವರ ಭಯಕ್ಕೆ ಕಾರಣವಿತ್ತು. 1440ರಲ್ಲಿ ಈ ಮನೆತನದ ಎಳೆಯ ಅರ್ಲ್ ಮತ್ತು ಅವನ ತಮ್ಮನನ್ನು ಎಡಿನ್‌ಬರೊ ಕೋಟೆಗೆ ಕರೆಸಿ ಕೊಲ್ಲಲಾಗಿತ್ತು. 1452ರಲ್ಲಿ, ಅಭಯಪತ್ರ ಹಿಡಿದು ಸ್ಟರ್ಲಿಂಗ್‌ಗೆ ಬಂದ ಎಂಟನೆಯ ಅರ್ಲ್‌ನನ್ನು ದೊರೆ ಎರಡನೆಯ ಜೇಮ್ಸ್ ತಾನೇ ಇರಿದ. 1455ರ ಬೇಸಿಗೆಯಲ್ಲಿ ಅದೇ ದೊರೆ ದೊಡ್ಡ ತೋಪುಗಳೊಂದಿಗೆ ಥ್ರೀವ್‌ಗೆ ಮುತ್ತಿಗೆ ಹಾಕಿದ. ಒಡೆಯ ಇಂಗ್ಲೆಂಡಿಗೆ ಓಡಿಹೋಗಿದ್ದರೂ ಕಾವಲುಪಡೆ ಸುಮಾರು ಎರಡು ತಿಂಗಳು ಬಗ್ಗಲಿಲ್ಲ. ಕೊನೆಗೆ ಕೋಟೆಯ ಬಾಗಿಲು ತೆರೆದದ್ದು ಹಣ. ಕೋಟೆ ಒಪ್ಪಿಸಿದವರಿಗೆ ಸಂದಾಯವಾದ ಮೊತ್ತ ದೊರೆಯ ಖಜಾನೆಯ ಲೆಕ್ಕದಲ್ಲೇ ದಾಖಲಾಗಿದೆ.

ಆದರೆ ಜನರ ಬಾಯಲ್ಲಿ ಈ ಲಂಚದ ಕಥೆ ನಿಲ್ಲಲಿಲ್ಲ. ‘ಮಾನ್ಸ್ ಮೆಗ್’ ಎಂಬ ದೈತ್ಯ ತೋಪು ಥ್ರೀವನ್ನು ಗೆದ್ದಿತೆಂಬ ಐತಿಹ್ಯವೇ ಹಬ್ಬಿತು. ಆ ತೋಪು ಈಗಲೂ ಎಡಿನ್‌ಬರೊ ಕೋಟೆಯಲ್ಲಿದೆ. ಆದರೆ ಬರ್ಗಂಡಿಯ ದೊರೆಯಿಂದ ಅದು ಜೇಮ್ಸನಿಗೆ ಕಾಣಿಕೆಯಾಗಿ ಬಂದದ್ದು 1457ರಲ್ಲಿ, ಮುತ್ತಿಗೆ ಮುಗಿದ ಎರಡು ವರ್ಷಕ್ಕೆ. ತೋಪುಗಳ ಹುಚ್ಚಿದ್ದ ಆ ದೊರೆ 1460ರಲ್ಲಿ ರಾಕ್ಸ್‌ಬರೊ ಮುತ್ತಿಗೆಯಲ್ಲಿ ತನ್ನದೇ ತೋಪು ಸಿಡಿದು ಸತ್ತ.

1640ರಲ್ಲಿ ಚಾರ್ಲ್ಸ್ ದೊರೆಯ ಪರವಾಗಿದ್ದ ಥ್ರೀವ್ ಮತ್ತೆ ಹದಿಮೂರು ವಾರಗಳ ಮುತ್ತಿಗೆ ಕಂಡಿತು. ಗೆದ್ದ ಕವೆನೆಂಟರ್ ಪಂಗಡದವರು ಅದು ಇನ್ನು ವಾಸಕ್ಕೆ ಬಾರದಂತೆ ಮಾಡಿ ಹೋದರು. ಮೂರು ಬುರುಜುಗಳಲ್ಲಿ ಇಂದು ಒಂದು ಮಾತ್ರ ಎತ್ತರವಾಗಿ ಉಳಿದಿದೆ.